ಬಲವೂ ಅನ್ನವೂ

ಗರಡಿಮನೆಗಳಿಗೂ ಆಹಾರವಿಜ್ಞಾನದ ಪ್ರಯೋಗಶಾಲೆಗಳಿಗೂ ಸಮಾನವಾಗಿ ಆಶ್ರಯವಿತ್ತ ಮೈಸೂರು ನಗರದಲ್ಲಿ ಇಬ್ಬರ ನಡುವೆ ನಡೆದ ಮಾತುಕತೆಯಿದು. ಒಬ್ಬನು ವ್ಯಾಯಾಮಶಾಲೆಗೆ ಹೋಗಿ ಭಾರವೆತ್ತುವ ಅಭ್ಯಾಸವನ್ನು ಇತ್ತೀಚೆಗೆ ಕೈಗೊಂಡಿರುವ ತರುಣ. ಮತ್ತೊಬ್ಬರು ಕಾಲೇಜಿನಲ್ಲಿ ಬಹುಕಾಲ ಶರೀರಕ್ರಿಯಾಶಾಸ್ತ್ರವನ್ನು ಬೋಧಿಸಿ ನಿವೃತ್ತರಾದ ಹಿರಿಯರು. ವ್ಯಾಯಾಮದ ಅನಂತರ ಏನು ತಿನ್ನಬೇಕೆಂಬ ಸಂಶಯವುಳ್ಳ ತರುಣರು ಇಂದು ಊರೂರಿನಲ್ಲಿಯೂ ಇರುವುದರಿಂದ ಮಾತು ಅವರಿಬ್ಬರಲ್ಲಿಯೇ ನಿಲ್ಲದಿರಲೆಂದು ಇಲ್ಲಿ ಕೊಟ್ಟಿದೆ.

ತರುಣ: ಮೇಷ್ಟ್ರೆ, ತಮ್ಮನ್ನು ಒಂದು ವಿಷಯ ಕೇಳಬೇಕೆಂದಿದ್ದೆ. ನಮ್ಮ ವ್ಯಾಯಾಮಶಾಲೆಯ ತರಬೇತುದಾರರು, ವ್ಯಾಯಾಮ ಮುಗಿದ ಅರ್ಧ ಗಂಟೆಯೊಳಗೆ ಪ್ರೋಟೀನ್ ಪುಡಿಯನ್ನು ಕಲಸಿ ಕುಡಿಯದಿದ್ದರೆ ಪಟ್ಟ ಶ್ರಮವೆಲ್ಲ ವ್ಯರ್ಥವಾಗುವುದೆಂದು ಹೇಳುತ್ತಾರೆ. ಜೊತೆಗಾರರೆಲ್ಲರ ಚೀಲದಲ್ಲಿಯೂ ಆ ಡಬ್ಬಿಯುಂಟು. ನನ್ನ ಸಂಬಳದಲ್ಲಿ ಅದನ್ನು ತಿಂಗಳು ತಿಂಗಳೂ ಕೊಳ್ಳುವುದು ಕಷ್ಟ. ಕೊಳ್ಳದಿದ್ದರೆ ಎಲ್ಲಿ ಹಿಂದೆ ಬಿದ್ದೇನೋ ಎಂಬ ಭಯ. ನಿತ್ಯದ ಆಹಾರಪಾನೀಯಗಳಿಂದಲೇ ಆ ಕಾರ್ಯ ನೆರವೇರಲಾರದೆ?

ಹಿರಿಯ: ನೆರವೇರುತ್ತದೆ; ಆದರೆ ಹಾಗೆಂದು ನಾನು ಹೇಳಿದ ಮಾತ್ರಕ್ಕೆ ನೀನು ನಂಬಬೇಕಾಗಿಲ್ಲ. ವ್ಯಾಯಾಮವಾದ ಮೇಲೆ ದೇಹವು ಏನನ್ನು ಬೇಡುತ್ತದೆ, ಎಷ್ಟನ್ನು ಬೇಡುತ್ತದೆ, ಯಾವಾಗ ಬೇಡುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಬೇರೆಬೇರೆಯಾಗಿ ವಿಚಾರಿಸಿದರೆ ಉತ್ತರವು ತಾನಾಗಿಯೇ ಹೊರಬೀಳುವುದು. ಮೊದಲನೆಯದಾಗಿ, ಬೆವರಿನೊಡನೆ ಹೋದ ನೀರೂ ಉಪ್ಪೂ ಹಿಂದಿರುಗಬೇಕು. ಎರಡನೆಯದಾಗಿ, ಸ್ನಾಯುಗಳು ತಮ್ಮಲ್ಲಿ ಕೂಡಿಟ್ಟುಕೊಂಡಿದ್ದು ಶ್ರಮಕಾಲದಲ್ಲಿ ವೆಚ್ಚಮಾಡಿದ ಗ್ಲೈಕೋಜನ್ ಎಂಬ ಪಿಷ್ಟದ ನಿಧಿ ಮತ್ತೆ ತುಂಬಬೇಕು. ಮೂರನೆಯದಾಗಿ, ಭಾರದ ಸೆಳೆತಕ್ಕೆ ಸಿಕ್ಕಿ ಅಲ್ಲಲ್ಲಿ ಜಖಂಗೊಂಡ ಸ್ನಾಯುತಂತುಗಳು ದುರಸ್ತಿಯಾಗಿ ಮೊದಲಿಗಿಂತ ದೃಢವಾಗಬೇಕು. ಈ ಮೂರನೆಯ ಕಾರ್ಯಕ್ಕೆ ಮಾತ್ರ ಸಸಾರಜನಕವು, ಎಂದರೆ ನೀನು ಹೇಳುವ ಪ್ರೋಟೀನು, ಮುಖ್ಯದ್ರವ್ಯ. ಡಬ್ಬಿಯ ಪುಡಿಯನ್ನು ಬರಿಯ ನೀರಿನಲ್ಲಿ ಕಲಸಿ ಕುಡಿದವನು ಮೂರರಲ್ಲಿ ಒಂದಕ್ಕೆ ಪುಷ್ಕಳವಾಗಿ ಒದಗಿಸಿ, ಉಳಿದೆರಡನ್ನು ಬಹುಮಟ್ಟಿಗೆ ಮರೆತವನಾಗುತ್ತಾನೆ.

ತರುಣ: ಅರ್ಧ ಗಂಟೆಯ ಗಡುವಿನ ಮಾತು?

ಹಿರಿಯ: ಆ ಮಾತಿಗೆ ಹಿಂದೆ ಕೆಲವು ವಿದ್ವಾಂಸರ ಬೆಂಬಲವಿತ್ತು, ಈಗ ಅದು ಬಹಳ ಸಡಿಲವಾಗಿದೆ. ಕಠಿಣವಾದ ವ್ಯಾಯಾಮದ ಅನಂತರ ಸ್ನಾಯುವು ಸಸಾರಜನಕವನ್ನು ಎಂದಿಗಿಂತ ಹೆಚ್ಚು ಆದರದಿಂದ ಬರಮಾಡಿಕೊಳ್ಳುವ ಸ್ಥಿತಿಯು ಅರ್ಧ ಗಂಟೆಗೆ ಮುಗಿಯದೆ, ಒಂದು ಹಗಲು ಒಂದು ರಾತ್ರಿ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಮುಂದುವರಿಯುತ್ತದೆ. ರಾತ್ರಿಯ ಉಪವಾಸವನ್ನು ಮುರಿಯದೆ ಬೆಳಗಿನ ಜಾವದಲ್ಲಿ ಭಾರವೆತ್ತಿದವನು ಆದಷ್ಟು ಬೇಗ ತಿನ್ನುವುದು ವಿವೇಕ. ಆದರೆ ಎರಡು ಮೂರು ಗಂಟೆ ಮೊದಲು ಒಳ್ಳೆಯ ಊಟ ಮಾಡಿ ಸಾಯಂಕಾಲ ಅಭ್ಯಾಸಕ್ಕೆ ಹೋಗುವವನ ರಕ್ತದಲ್ಲಿ ಆ ಊಟದ ಸಾರವು ಇನ್ನೂ ಹರಿಯುತ್ತಲೇ ಇರುತ್ತದಾದ ಕಾರಣ, ಅವನು ಗಡಿಯಾರಕ್ಕೆ ಹೆದರಬೇಕಾದುದಿಲ್ಲ. ಅವನು ಸಾವಕಾಶವಾಗಿ ಮನೆಗೆ ಹೋಗಿ, ಸ್ನಾನಮಾಡಿ, ಎಲ್ಲರೊಡನೆ ಕುಳಿತು ಉಂಡರೂ ಪಟ್ಟ ಶ್ರಮದಲ್ಲಿ ಕಿಂಚಿತ್ತೂ ವ್ಯರ್ಥವಾಗದು.

ತರುಣ: ಆದರೂ ಬಲವೆಂದರೆ ಪ್ರೋಟೀನು, ಶ್ರಮದಲ್ಲಿ ವೆಚ್ಚವಾಗುವುದೂ ಪ್ರೋಟೀನೇ ಎಂಬ ಭಾವನೆ ನಮ್ಮೆಲ್ಲರಲ್ಲಿಯೂ ಬೇರೂರಿದೆ.

ಹಿರಿಯ: ಅದು ನಿಮ್ಮ ತಲೆಮಾರಿನಲ್ಲಿ ಹುಟ್ಟಿದ ಭಾವನೆಯಲ್ಲ. ಹತ್ತೊಂಬತ್ತನೆಯ ಶತಮಾನದ ಮಹಾರಸಾಯನಜ್ಞನಾದ ಲೀಬಿಗ್ ಎಂಬ ಜರ್ಮನ್ ಪಂಡಿತನು, ಸ್ನಾಯುವು ಕೆಲಸ ಮಾಡುವಾಗ ತನ್ನ ಸಸಾರಜನಕವನ್ನೇ ಉರಿಸಿಕೊಳ್ಳುತ್ತದೆಂದು 1842ರಷ್ಟು ಹಿಂದೆಯೇ ಸಾರಿದ್ದನು. ಅವನ ಕೀರ್ತಿಯ ಪ್ರಭಾವದಿಂದ ಲೋಕವೂ ಅದನ್ನು ಒಪ್ಪಿತ್ತು. 1865ರ ಆಗಸ್ಟ್ ತಿಂಗಳ ಕೊನೆಯಲ್ಲಿ ಜ್ಯೂರಿಕ್ ನಗರದ ಫಿಕ್ ಮತ್ತು ವಿಸ್ಲಿಸೇನಸ್ ಎಂಬ ಇಬ್ಬರು ಪ್ರಾಧ್ಯಾಪಕರು ಈ ಸಿದ್ಧಾಂತವನ್ನು ತಮ್ಮ ಮೈಮೇಲೆಯೇ ಪರೀಕ್ಷಿಸಿದರು. ಹಿಂದಿನ ಮಧ್ಯಾಹ್ನದಿಂದ ಸಸಾರಜನಕವನ್ನು ವರ್ಜಿಸಿ, ಪಿಷ್ಟ, ಕೊಬ್ಬು, ಸಕ್ಕರೆಗಳಿಂದಾದ ತಿಂಡಿಯನ್ನಷ್ಟೇ ತಿಂದು, ಆಲ್ಪ್ಸ್ ಪರ್ವತಶ್ರೇಣಿಯ ಫಾಲ್‌ಹಾರ್ನ್ ಶಿಖರವನ್ನು ಅದರ ಬುಡದ ಸರೋವರದಿಂದ ಸುಮಾರು 2000 ಮೀಟರಿನಷ್ಟು ಏರಿದರು. ದಾರಿಯುದ್ದಕ್ಕೂ ತಮ್ಮ ಮೂತ್ರವನ್ನು ಸಂಗ್ರಹಿಸಿ ಸಸಾರಜನಕವು ಕ್ಷಯಿಸಿದಾಗ ಅದರಲ್ಲಿ ಬಂದು ಸೇರುವ ಸಾರಜನಕವನ್ನು ಅಳೆದು ಲೆಕ್ಕ ಹಾಕಿದಾಗ, ಅಷ್ಟೆತ್ತರಕ್ಕೆ ಶರೀರವನ್ನು ಹೊತ್ತೊಯ್ಯಲು ಬೇಕಾದ ಶಕ್ತಿಯು ದೇಹದಲ್ಲಿ ಕ್ಷಯಿಸಿದ ಸಸಾರಜನಕದಿಂದ ಬಂದಿರುವುದು ಅಸಾಧ್ಯವೆಂದು ಸ್ಪಷ್ಟವಾಯಿತು. ಶ್ರಮದ ಇಂಧನ ಮುಖ್ಯವಾಗಿ ಪಿಷ್ಟ ಮತ್ತು ಮೇದಸ್ಸು. ಸಸಾರಜನಕವು ಕಟ್ಟುವ ದ್ರವ್ಯವೇ ಹೊರತು ಉರಿಸುವ ಸೌದೆಯಲ್ಲ. ಗಮನಿಸಬೇಕಾದ ಮತ್ತೊಂದು ಸಂಗತಿಯುಂಟು: ಅದೇ 1865ರಲ್ಲಿ ಲೀಬಿಗ್‌ನ ಹೆಸರಿನಿಂದ ಮಾಂಸಸಾರವನ್ನು ಮಾರುವ ಕಂಪನಿಯೊಂದು ಲಂಡನ್ನಿನಲ್ಲಿ ಸ್ಥಾಪಿತವಾಯಿತು, ದಕ್ಷಿಣ ಅಮೆರಿಕದ ದನಗಳ ಮಾಂಸವನ್ನು ಬೇಯಿಸಿ ಬತ್ತಿಸಿದ ಆ ಪದಾರ್ಥವನ್ನು ಯೂರೋಪಿನ ಮಧ್ಯಮವರ್ಗದವರು ಬಲವರ್ಧಕವೆಂದು ಬೆಲೆ ಕೊಟ್ಟು ಕೊಂಡರು. ಮಾಂಸದ ಪೌಷ್ಟಿಕಾಂಶದ ಬಹುಭಾಗ ಅದರಲ್ಲಿ ಇರಲೇ ಇಲ್ಲವೆಂಬುದು ಕ್ರಮೇಣ ತಿಳಿಯಿತು. ಬಲವನ್ನು ಡಬ್ಬಿಯಲ್ಲಿ ತುಂಬಿ ಮಾರುವ ವ್ಯಾಪಾರಕ್ಕೆ ನೂರೈವತ್ತು ವರ್ಷಗಳಿಗೂ ಮೀರಿದ ಚರಿತ್ರೆಯಿದೆಯೆಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಇಂದಿನ ಜಾಹೀರಾತುಗಳನ್ನು ಸ್ವಲ್ಪ ನಿಧಾನವಾಗಿ ಓದುವ ವಿವೇಕ ಬರುತ್ತದೆ.

ತರುಣ: ಹಾಗಾದರೆ ಕಟ್ಟುವ ದ್ರವ್ಯ ಎಷ್ಟು ಬೇಕು? ಎಷ್ಟಾದರೂ ಸಾಲದೆಂಬಂತೆ ಜೊತೆಗಾರರು ಮಾತನಾಡುತ್ತಾರೆ.

ಹಿರಿಯ: ಅದಕ್ಕೊಂದು ಮಿತಿಯಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ನಿಗದಿ ಮಾಡಿದಂತೆ, ವಯಸ್ಕನಿಗೆ ದಿನವೊಂದಕ್ಕೆ ಶರೀರದ ತೂಕದ ಪ್ರತಿ ಕಿಲೋಗ್ರಾಂಗೆ 0.83 ಗ್ರಾಂ ಸಾಕು. 60 ಕಿಲೋ ತೂಗುವವನಿಗೆ ಇದು ಸುಮಾರು 50 ಗ್ರಾಂ. ನಿನ್ನಂತೆ ನಿಯಮದಿಂದ ಭಾರವೆತ್ತುವವರಿಗೆ ಇದಕ್ಕಿಂತ ಹೆಚ್ಚು ಬೇಕೆಂಬುದು ನಿಜ, ಕಿಲೋಗೆ 1.2ರಿಂದ 1.6 ಗ್ರಾಂವರೆಗೆ ಎಂದಿಟ್ಟುಕೊಳ್ಳಬಹುದು. ಅದಕ್ಕಿಂತ ಮೇಲೆ ಎಷ್ಟು ತಿಂದರೂ ಸ್ನಾಯುವಿನ ಬೆಳವಣಿಗೆಗೆ ವಿಶೇಷ ಲಾಭವಿಲ್ಲವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು 2024ರಲ್ಲಿ ಹೊರಡಿಸಿದ ಆಹಾರಸೂತ್ರಗಳಲ್ಲಿ ಹೇಳಿರುವುದಲ್ಲದೆ, ಮೈಕಟ್ಟು ಬೆಳೆಸಲು ಪುಡಿಗಳನ್ನು ಸೇವಿಸಬೇಡಿರೆಂದೂ ಸ್ಪಷ್ಟವಾಗಿ ಬುದ್ಧಿ ಹೇಳಿದ್ದಾರೆ. ಆದುದರಿಂದ ನೀನು 60 ಕಿಲೋ ತೂಗುವೆಯಾದರೆ ನಿನ್ನ ಗುರಿ ದಿನಕ್ಕೆ 72ರಿಂದ 96 ಗ್ರಾಂಗಳ ಒಳಗೆ ಎಲ್ಲಿಯಾದರೂ ಇರಬಹುದು. ಇದನ್ನು ಒಂದೇ ಸಲ ನುಂಗದೆ, ಮೂರು ನಾಲ್ಕು ಹೊತ್ತಿಗೆ ಹಂಚಿ, ಹೊತ್ತಿಗೆ ಸುಮಾರು 20 ಗ್ರಾಂನಂತೆ ತೆಗೆದುಕೊಂಡರೆ ದೇಹವು ಅದನ್ನು ಚೆನ್ನಾಗಿ ಉಪಯೋಗಿಸಿಕೊಳ್ಳುತ್ತದೆ.

ತರುಣ: ಇಪ್ಪತ್ತು ಗ್ರಾಂ ಸಸಾರಜನಕವನ್ನು ಅಡುಗೆಮನೆಯಲ್ಲಿ ಎಲ್ಲಿ ಹುಡುಕಲಿ?

ಹಿರಿಯ: ಹುಡುಕುವ ಶ್ರಮವೇನೂ ಇಲ್ಲ. ಒಂದು ದೊಡ್ಡ ಲೋಟ ಹಾಲಿನಲ್ಲಿ, ಎಂದರೆ 250 ಮಿಲಿಲೀಟರಿನಲ್ಲಿ, 8 ಗ್ರಾಂ ಇದೆ. ಒಂದು ಹಿಡಿ ಹುರಿಗಡಲೆ, ಎಂದರೆ 30 ಗ್ರಾಂ, ಆರರಿಂದ ಏಳು ಗ್ರಾಂ ಕೊಡುತ್ತದೆ. 25 ಗ್ರಾಂ ಹುರಿದ ಕಡಲೆಕಾಯಿ ಬೀಜ ಮತ್ತೆ ಆರು. ಮೂರೂ ಸೇರಿ ಇಪ್ಪತ್ತಾಯಿತಲ್ಲ! ಇದರ ಜೊತೆಗೆ ಒಂದು ಬಾಳೆಹಣ್ಣನ್ನೋ ಒಂದು ಅಚ್ಚು ಬೆಲ್ಲವನ್ನೋ ಸೇರಿಸಿದರೆ ಬರಿದಾದ ಪಿಷ್ಟದ ನಿಧಿಯೂ ತುಂಬತೊಡಗುವುದು. ಮೊಟ್ಟೆ ತಿನ್ನುವವನಿಗೆ ಎರಡು ಬೇಯಿಸಿದ ಮೊಟ್ಟೆಗಳಿಂದ 13 ಗ್ರಾಂ, ಒಂದು ಲೋಟ ಹಾಲಿನಿಂದ ಎಂಟು. ಅಲ್ಲಿಗೂ ಇಪ್ಪತ್ತು ದಾಟಿತು. ಕರಾವಳಿಯವನಾದರೆ 100 ಗ್ರಾಂ ಬೂತಾಯಿ ಮೀನಿನಲ್ಲಿಯೇ ಹೆಚ್ಚುಕಡಮೆ ಅಷ್ಟು ದೊರೆಯುವುದು. ಹೆಸರುಕಾಳನ್ನು ನೆನೆಹಾಕಿ, ಮೊಳಕೆ ಬರಿಸಿ, ಒಗ್ಗರಣೆಯಲ್ಲಿ ಬಾಡಿಸಿದ ಉಸಲಿಯನ್ನು ತಿನ್ನುವವನು, ಒಣಗಿದ ಕಾಳಿನ ಲೆಕ್ಕದಲ್ಲಿ 50 ಗ್ರಾಂ ತೆಗೆದುಕೊಂಡರೆ 11 ಗ್ರಾಂನಷ್ಟು ಪಡೆಯುತ್ತಾನೆ. ಮೇಲೊಂದು ಬಟ್ಟಲು ಗಟ್ಟಿ ಮೊಸರಿದ್ದರೆ ಆ ಹೊತ್ತಿನ ಕೊರತೆ ಬಹುತೇಕ ನೀಗಿದಂತೆ. ಮೊಳಕೆಯಿಂದ ಸಸಾರಜನಕವು ಇಮ್ಮಡಿಯಾಗುವುದೆಂಬ ಜನಜನಿತವಾದ ನಂಬಿಕೆ ಸರಿಯಲ್ಲ. ಅದರಿಂದ ಜೀರ್ಣಕ್ಕೆ ಅಡ್ಡಿಯಾಗುವ ಕೆಲವು ಅಂಶಗಳು ಕುಗ್ಗಿ, ಸಿ ಜೀವಸತ್ವವು ಹೆಚ್ಚುವುದು ಮಾತ್ರ ನಿಜ.

ತರುಣ: ರಾಗಿಯ ಹೆಸರನ್ನು ತಾವು ಇನ್ನೂ ಎತ್ತಲಿಲ್ಲ. ನಮ್ಮ ಹಳ್ಳಿಯ ಕಡೆ ದುಡಿದು ಬಂದವರಿಗೆ ಮೊದಲು ಕೊಡುವುದೇ ರಾಗಿಯ ಅಂಬಲಿ.

ಹಿರಿಯ: ಹೇಳಬೇಕಾದುದನ್ನೇ ನೆನಪಿಸಿದೆ. ನೂರು ಗ್ರಾಂ ರಾಗಿಯಲ್ಲಿ ಸಸಾರಜನಕವು 7 ಗ್ರಾಂ ಮಾತ್ರ. ಆ ದೃಷ್ಟಿಯಿಂದ ಅದು ಅಕ್ಕಿಗಿಂತ ಮೇಲೇನೂ ಅಲ್ಲ. ಆದರೆ ಕ್ಯಾಲ್ಸಿಯಂ ಅದರಲ್ಲಿ 350 ಮಿಲಿಗ್ರಾಂ ಆಸುಪಾಸಿನಲ್ಲಿದೆ. ಧಾನ್ಯಗಳಲ್ಲಿ ಈ ವಿಷಯಕ್ಕೆ ಅದಕ್ಕೆ ಸರಿಸಮಾನವಾದದ್ದು ಇಲ್ಲ. ರಾಗಿಯನ್ನು ಅರಳು ಹುರಿದು ಬೀಸಿದ ಹುರಿಹಿಟ್ಟಿನೊಡನೆ ಹುರಿಗಡಲೆಯ ಹಿಟ್ಟನ್ನು ಬೆರೆಸಿ, ಬೆಲ್ಲ ಹಾಕಿ, ಹಾಲಿನಲ್ಲಿಯೋ ಮಜ್ಜಿಗೆಯಲ್ಲಿಯೋ ಕಲಸಿದರೆ, ಒಲೆ ಹೊತ್ತಿಸುವ ಅವಶ್ಯಕತೆಯೂ ಇಲ್ಲದೆ, ನಿನ್ನ ಡಬ್ಬಿಯ ಪುಡಿಯಷ್ಟೇ ಸುಲಭವಾಗಿ ಸಿದ್ಧವಾಗುವ ಪೇಯವೊಂದು ದೊರೆಯುತ್ತದೆ. ಅದರಲ್ಲಿ ಪಿಷ್ಟವೂ ಉಂಟು, ಸಸಾರಜನಕವೂ ಉಂಟು, ನೀರೂ ಉಂಟು. ವ್ಯಾಯಾಮಾನಂತರದ ಮೂರು ಬೇಡಿಕೆಗಳಿಗೂ ಒಂದೇ ಲೋಟದಲ್ಲಿ ಸಮಾಧಾನ ದೊರೆತಂತಾಯಿತು. ಹುರಿಗಡಲೆ, ಎಳ್ಳು, ಕಡಲೆಕಾಯಿ, ಕೊಬ್ಬರಿ, ಬೆಲ್ಲ ಸೇರಿಸಿ ಕಟ್ಟಿದ ತಂಬಿಟ್ಟಿನ ಉಂಡೆಯೂ ಇದೇ ಜಾತಿಗೆ ಸೇರಿದ್ದು. ಚೀಲದಲ್ಲಿಟ್ಟುಕೊಂಡು ಹೋಗಬಹುದು, ಕೆಡುವುದಿಲ್ಲ. ಬಿಹಾರದ ಕಡೆಯ ಶ್ರಮಜೀವಿಗಳು ಹುರಿದ ಕಡಲೆಯ ಹಿಟ್ಟಾದ ಸತ್ತುವನ್ನು ನೀರು, ಉಪ್ಪು, ನಿಂಬೆರಸಗಳೊಡನೆ ಕಲಸಿ ಕುಡಿದು ಬಿಸಿಲಿನಲ್ಲಿ ದುಡಿಯುವುದೂ ಇದೇ ತತ್ತ್ವದ ಆಧಾರದ ಮೇಲೆ.

ತರುಣ: ಮಜ್ಜಿಗೆ, ಎಳನೀರುಗಳನ್ನು ಈ ಲೆಕ್ಕದಲ್ಲಿ ಎಲ್ಲಿ ಇಡಬೇಕು?

ಹಿರಿಯ: ಅವುಗಳನ್ನು ಮೊದಲನೆಯ ಬೇಡಿಕೆಯ ಸ್ಥಾನದಲ್ಲಿಡಬೇಕು, ಮೂರನೆಯದರ ಸ್ಥಾನದಲ್ಲಲ್ಲ. ನೀರು ಬೆರೆಸಿ ಕಡೆದ ಮಜ್ಜಿಗೆಯಲ್ಲಿ ಸಸಾರಜನಕ ಅತ್ಯಲ್ಪ. ಆದರೆ ಬೆವರಿನಲ್ಲಿ ಹೋಗುವ ಲವಣಗಳಲ್ಲಿ ಉಪ್ಪೇ ಪ್ರಧಾನವಾದುದರಿಂದ, ಉಪ್ಪು ಹಾಕಿದ ಮಜ್ಜಿಗೆ ಬೇಸಗೆಯಲ್ಲಿ ಅಮೃತಪ್ರಾಯವೆಂಬುದರಲ್ಲಿ ಸಂದೇಹವಿಲ್ಲ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದ್ದು ಸೋಡಿಯಂ ಕಡಮೆ. ಬಹಳ ಬೆವರಿದವನು ಅದರೊಡನೆ ಉಪ್ಪುಳ್ಳ ಏನನ್ನಾದರೂ ತಿನ್ನುವುದು ಮೇಲು. ವ್ಯಾಯಾಮಕ್ಕೆ ಮೊದಲೂ ಆಮೇಲೂ ತೂಕ ನೋಡಿಕೊಂಡು, ಒಂದು ಕಿಲೋ ಇಳಿದಿದ್ದರೆ ಒಂದು ಲೀಟರಿಗೆ ಕಡಮೆಯಿಲ್ಲದಂತೆ ದ್ರವವನ್ನು ನಿಧಾನವಾಗಿ ಕುಡಿಯಬೇಕೆಂಬುದು ಸರಳವಾದ ಸೂತ್ರ. ಮುಕ್ಕಾಲು ಗಂಟೆ, ಒಂದು ಗಂಟೆಯ ಸಾಧಾರಣ ಅಭ್ಯಾಸಕ್ಕೆ ನೀರೇ ಸಾಕು.

ತರುಣ: ನಮ್ಮ ಜೊತೆಗಾರನೊಬ್ಬನು, ಕಾಳುಬೇಳೆಗಳ ಪ್ರೋಟೀನು ಅಪೂರ್ಣ, ಅದನ್ನು ಲೆಕ್ಕಕ್ಕೇ ಹಿಡಿಯಬಾರದು ಎಂದು ವಾದಿಸುತ್ತಾನೆ. ಅವನ ಮಾತಿನಲ್ಲಿ ಸತ್ಯವಿಲ್ಲವೆ?

ಹಿರಿಯ: ಅರ್ಧಸತ್ಯವಿದೆ. ಸಸಾರಜನಕವೆಂಬುದು ಅಮೈನೋ ಆಮ್ಲಗಳೆಂಬ ಇಪ್ಪತ್ತು ಬಗೆಯ ಘಟಕಗಳ ಸರಣಿ. ಅವುಗಳಲ್ಲಿ ಒಂಬತ್ತನ್ನು ನಮ್ಮ ದೇಹ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಪಡೆಯಬೇಕು. ಹೂಮಾಲೆ ಕಟ್ಟುವವಳ ಬುಟ್ಟಿಯಲ್ಲಿ ಮಲ್ಲಿಗೆ ರಾಶಿಯಾಗಿದ್ದರೂ ನಡುನಡುವೆ ಪೋಣಿಸಬೇಕಾದ ಕನಕಾಂಬರ ಮುಗಿದುಹೋದರೆ ಮಾಲೆ ಹೇಗೆ ಅಲ್ಲಿಗೇ ನಿಲ್ಲುವುದೋ ಹಾಗೆ, ಒಂಬತ್ತರಲ್ಲಿ ಒಂದು ಕಡಮೆಯಾದರೂ ಉಳಿದ ಎಂಟು ತಮ್ಮ ಪೂರ್ಣಪ್ರಯೋಜನವನ್ನು ಕೊಡಲಾರವು. ಅಕ್ಕಿ, ಗೋಧಿ, ಜೋಳಗಳಲ್ಲಿ ಲೈಸಿನ್ ಎಂಬ ಅಂಶ ಸಾಲದು. ಬೇಳೆಕಾಳುಗಳಲ್ಲಿ ಅದು ಸಮೃದ್ಧವಾಗಿದ್ದು, ಧಾನ್ಯಗಳಲ್ಲಿ ಸಾಕಷ್ಟಿರುವ ಮೆಥಿಯೋನಿನ್ನಿನ ಕೊರತೆಯಿದೆ. ಒಂದರ ಅಭಾವವನ್ನು ಮತ್ತೊಂದು ತುಂಬುವುದರಿಂದ ಎರಡೂ ಕೂಡಿದಾಗ ಮಾಲೆ ಪೂರ್ಣವಾಗುತ್ತದೆ. ಉದ್ದು ಅಕ್ಕಿಗಳ ಇಡ್ಲಿ, ಹೆಸರುಬೇಳೆ ಅಕ್ಕಿಗಳ ಹುಗ್ಗಿ, ಬಿಸಿಬೇಳೆ ಅನ್ನ, ರಾಗಿಮುದ್ದೆಯೊಡನೆ ಅವರೆಕಾಳಿನ ಸಾರು, ಉತ್ತರ ಕರ್ನಾಟಕದ ಜೋಳದ ರೊಟ್ಟಿಯೊಡನೆ ಮಡಕಿ ಕಾಳಿನ ಪಲ್ಯ, ಇವೆಲ್ಲವೂ ಇಂಥ ಸಂಯೋಗಗಳೇ. ಧಾನ್ಯ ಮೂರು ಪಾಲು, ಕಾಳು ಒಂದು ಪಾಲು ಎಂಬ ಪ್ರಮಾಣವನ್ನು ಪೋಷಣಶಾಸ್ತ್ರಜ್ಞರು ಅನುಮೋದಿಸುತ್ತಾರೆ. ಎರಡೂ ಒಂದೇ ತುತ್ತಿನಲ್ಲಿರಬೇಕೆಂಬ ನಿರ್ಬಂಧವೂ ಇಲ್ಲ. ಒಂದೇ ದಿನದಲ್ಲಿ ಒಳಸೇರಿದರೆ ಸಾಕು. ಹಾಲು, ಮೊಸರು, ಮೊಟ್ಟೆ, ಮೀನು, ಸೋಯಾ ಇವುಗಳಲ್ಲಿ ಒಂದು ಜೊತೆಗಿದ್ದರಂತೂ ಈ ಚಿಂತೆಯೇ ಬೇಡ.

ತರುಣ: ಹಳೆಯ ಗರಡಿಗಳ ಪೈಲ್ವಾನರು ನೆನೆಸಿದ ಕಡಲೆ, ಹಸಿಮೊಟ್ಟೆ, ಬಾದಾಮಿ ಹಾಲು, ತುಪ್ಪ ಇವುಗಳಿಂದ ಮೈ ಬೆಳೆಸುತ್ತಿದ್ದರಲ್ಲ? ಅವರ ಪದ್ಧತಿಯನ್ನೇ ಹಿಡಿದರೆ ಆಗದೆ?

ಹಿರಿಯ: ಅವರ ಪದ್ಧತಿಯಲ್ಲಿ ಗ್ರಹಿಸಬೇಕಾದುದೂ ಉಂಟು, ಬಿಡಬೇಕಾದುದೂ ಉಂಟು. ಹಾಲನ್ನೂ ಕಡಲೆಯನ್ನೂ ಮುಖ್ಯಾಧಾರವಾಗಿ ಇಟ್ಟುಕೊಂಡದ್ದು ಅವರ ಅನುಭವದ ವಿವೇಕ. ಆದರೆ ಹಸಿಯ ಕಾಳಿನಲ್ಲಿ ಜೀರ್ಣರಸದ ಕಾರ್ಯವನ್ನು ತಡೆಯುವ ಅಂಶಗಳಿರುವುದರಿಂದ, ನೆನೆಸಿದ ಕಡಲೆಯನ್ನು ಒಂದು ಕುದಿ ಬೇಯಿಸಿ ತಿನ್ನುವುದೇ ಮೇಲು. ಹಸಿಮೊಟ್ಟೆಯ ವಿಷಯದಲ್ಲಿ ವ್ಯತ್ಯಾಸ ಇನ್ನೂ ದೊಡ್ಡದು: ಬೇಯಿಸಿದ ಮೊಟ್ಟೆಯ ಸಸಾರಜನಕದಲ್ಲಿ ಶೇಕಡ 90ರಷ್ಟು ದೇಹಗತವಾದರೆ, ಹಸಿಯದರಲ್ಲಿ ಶೇಕಡ 50ರಷ್ಟು ಮಾತ್ರ ದಕ್ಕುತ್ತದೆಂದು ಪ್ರಯೋಗದಿಂದ ತಿಳಿದುಬಂದಿದೆ, ಜೊತೆಗೆ ರೋಗಾಣುಗಳ ಭಯ ಬೇರೆ. ತುಪ್ಪ, ಬಾದಾಮಿಗಳ ವಿಷಯ ಹೀಗಿದೆ: ಬೆಳಗಿನ ಜಾವದಿಂದ ನೂರಾರು ಸಾಮು, ಬಸ್ಕಿ, ಮಟ್ಟಿಯಲ್ಲಿ ಗಂಟೆಗಟ್ಟಲೆ ಹಿಡಿತಗಳನ್ನು ಅಭ್ಯಾಸ ಮಾಡುತ್ತಿದ್ದ ಜಟ್ಟಿಗೆ ಅಷ್ಟು ಕೊಬ್ಬು ಜೀರ್ಣವಾಗುತ್ತಿತ್ತು. ದಿನವೆಲ್ಲ ಕುರ್ಚಿಯ ಮೇಲೆ ಕುಳಿತು ಒಂದು ಗಂಟೆ ಭಾರವೆತ್ತುವ ನಿನಗೆ ಅದೇ ಪ್ರಮಾಣವು ಸೊಂಟದ ಸುತ್ತ ನಿಲ್ಲುವುದು.

ತರುಣ: ಒಟ್ಟಿನಲ್ಲಿ ನಮ್ಮ ಸಾಂಪ್ರದಾಯಿಕ ಊಟದಲ್ಲಿ ಎಲ್ಲವೂ ಇದೆ, ನಾವು ಸುಮ್ಮನೆ ಉಂಡುಕೊಂಡಿದ್ದರೆ ಸಾಕು ಎಂದಾಯಿತು.

ಹಿರಿಯ: ಇಲ್ಲ, ಅಪ್ಪ, ಆ ಆತ್ಮತೃಪ್ತಿಗೆ ನಾನು ಒಪ್ಪಲಾರೆ. ನಮ್ಮ ಅಡುಗೆಮನೆಯಲ್ಲಿ ಎಲ್ಲವೂ ಇದೆ. ನಮ್ಮ ತಟ್ಟೆಯಲ್ಲಿ ಎಲ್ಲವೂ ಇಲ್ಲ. ಪರ್ವತದಂತೆ ಅನ್ನ, ಅದರ ಮೇಲೆ ಬೇಳೆ ಎಲ್ಲಿದೆಯೆಂದು ಹುಡುಕಬೇಕಾದಷ್ಟು ತಿಳಿಯಾದ ಸಾರು, ಪಕ್ಕದಲ್ಲಿ ಹಪ್ಪಳ ಉಪ್ಪಿನಕಾಯಿ, ಕೊನೆಗೆ ನೀರುಮಜ್ಜಿಗೆ, ಹೀಗೆ ಉಣ್ಣುವವನಿಗೆ ಹೊಟ್ಟೆ ತುಂಬುತ್ತದೆ, ಆದರೆ ಆ ಊಟದಲ್ಲಿ 12 ಗ್ರಾಂ ಸಸಾರಜನಕವೂ ಇರುವುದು ಕಷ್ಟ. ಪುಡಿಯ ವ್ಯಾಪಾರಿಯು ನಮ್ಮೊಳಗೆ ಪ್ರವೇಶಿಸಿರುವುದು ಈ ಕೊರತೆಯ ಬಾಗಿಲಿನಿಂದಲೇ; ಅವನು ಹೇಳುವ ರೋಗ ಇದೆ, ಮಾರುವ ಔಷಧ ಮಾತ್ರ ಅನಾವಶ್ಯಕ. ತಟ್ಟೆಯ ಪ್ರಮಾಣವನ್ನು ತಿದ್ದುವುದು ನಿಜವಾದ ಚಿಕಿತ್ಸೆ. ಬಸ್ಸಾರು ಮಾಡುವ ಮನೆಯಲ್ಲಿ ನೋಡು: ಬೆಂದ ಹುರುಳಿಯ ಕಟ್ಟನ್ನು ಬಸಿದು ಸಾರು ಮಾಡಿ, ಕಾಳನ್ನು ಪಲ್ಯಕ್ಕೆ ಎತ್ತಿಡುತ್ತಾರೆ. ಸಸಾರಜನಕದ ಬಹುಪಾಲು ಉಳಿಯುವುದು ಕಾಳಿನಲ್ಲಿ. ಕಟ್ಟಿನ ಸಾರನ್ನು ಹೊಗಳಿ ಸುರಿದುಕೊಂಡು, ಕಾಳಿನ ಪಲ್ಯವನ್ನು ಒಂದು ಚಮಚಕ್ಕೆ ನಿಲ್ಲಿಸುವವನು ಸತ್ತ್ವವನ್ನು ಪಾತ್ರೆಯಲ್ಲಿಯೇ ಬಿಟ್ಟು ಏಳುತ್ತಾನೆ.

ತರುಣ: ದಿನದ ಲೆಕ್ಕವನ್ನು ಒಮ್ಮೆ ಪೂರ್ತಿಯಾಗಿ ಹಾಕಿ ತೋರಿಸುವಿರಾ? ನಾನು ಮೊಟ್ಟೆ ತಿನ್ನುವವನಲ್ಲ.

ಹಿರಿಯ: ಕೇಳು. ಅರ್ಧ ಲೀಟರ್ ಹಾಲು, 16 ಗ್ರಾಂ. ಒಂದು ದೊಡ್ಡ ಬಟ್ಟಲು, ಎಂದರೆ 200 ಗ್ರಾಂ ಮೊಸರು, ಆರು. ತೊಗರಿ, ಹೆಸರು, ಹುರುಳಿ, ಅಲಸಂದೆ ಯಾವುದಾದರೂ ಆಗಲಿ, ಎಲ್ಲ ಹೊತ್ತಿನದೂ ಸೇರಿ ಒಣ ತೂಕದಲ್ಲಿ 100 ಗ್ರಾಂ ಬೇಳೆಕಾಳು, 22. ರಾಗಿ, ಅಕ್ಕಿ, ಗೋಧಿಗಳು ಒಟ್ಟು 300 ಗ್ರಾಂ, ಸುಮಾರು 24. ಒಂದು ಹಿಡಿ ಹುರಿಗಡಲೆ, ಒಂದು ಹಿಡಿ ಕಡಲೆಕಾಯಿ ಬೀಜ, 13. ಕೂಡಿಸಿದರೆ 81 ಗ್ರಾಂ. ನಿನ್ನ ಗುರಿಯ ಮಧ್ಯದಲ್ಲಿಯೇ ಬಂದು ನಿಂತಿತಲ್ಲ! ಇದಕ್ಕೂ ಹೆಚ್ಚು ಬೇಕೆಂದರೆ ಪನೀರನ್ನೋ, ನೂರು ಗ್ರಾಂಗೆ 35 ಗ್ರಾಂಗಿಂತ ಹೆಚ್ಚಿರುವ ಸೋಯಾವನ್ನೋ ಸ್ವಲ್ಪ ಸೇರಿಸು. ಈ ಪಟ್ಟಿಯಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಸಿಗದ ವಸ್ತು ಒಂದೂ ಇಲ್ಲ. ಕಡಲೆಕಾಯಿಯನ್ನು ಕೊಳ್ಳುವಾಗ ಮಾತ್ರ ಮುಗ್ಗು ಹಿಡಿದದ್ದನ್ನು ಬೇರ್ಪಡಿಸಿ ಬಿಸಾಡು. ಅಂಥದರಲ್ಲಿ ಅಫ್ಲಟಾಕ್ಸಿನ್ ಎಂಬ ಯಕೃತ್ತಿಗೆ ಮಾರಕವಾದ ವಿಷ ಉತ್ಪನ್ನವಾಗಬಹುದು.

ತರುಣ: ಅಷ್ಟಕ್ಕೂ ಆ ಡಬ್ಬಿಯಲ್ಲಿರುವುದು ಏನು?

ಹಿರಿಯ: ಬಹುಮಟ್ಟಿಗೆ ಹಾಲೇ. ಯೂರೋಪು ಅಮೆರಿಕಗಳಲ್ಲಿ ಚೀಸ್ ತಯಾರಿಸುವಾಗ ಹಾಲು ಹೆಪ್ಪುಗಟ್ಟಿ ಉಳಿಯುವ ತಿಳಿನೀರನ್ನು ಒಂದು ಕಾಲದಲ್ಲಿ ಹಂದಿಗಳಿಗೆ ಹಾಕುತ್ತಿದ್ದರು, ಇಲ್ಲವೆ ಹೊಳೆಗೆ ಬಿಡುತ್ತಿದ್ದರು. ಸೂಕ್ಷ್ಮವಾದ ಪೊರೆಗಳ ಮೂಲಕ ಅದನ್ನು ಶೋಧಿಸಿ, ಅದರಲ್ಲಿನ ಸಸಾರಜನಕವನ್ನು ಸಾಂದ್ರಗೊಳಿಸಿ ಒಣಗಿಸುವ ವಿಧಾನ ಬಂದ ಮೇಲೆ ಅದು ಬೆಲೆಬಾಳುವ ಪದಾರ್ಥವಾಯಿತು. ಹಾಲಿನ ಸಸಾರಜನಕದಲ್ಲಿ ಸುಮಾರು ಐದನೆಯ ಒಂದು ಪಾಲು ಈ ಜಾತಿಯದು. ಉಳಿದ ನಾಲ್ಕು ಪಾಲು ಕೇಸೀನ್. ತಿಳಿನೀರಿನ ಸಸಾರಜನಕವು ಬೇಗ ಜೀರ್ಣವಾಗುತ್ತದೆ, ಅದರ ಗುಣ ಉತ್ತಮವಾಗಿದೆ. ಇದನ್ನು ಅಲ್ಲಗಳೆದರೆ ಅನ್ಯಾಯವಾದೀತು. ಒಂದು ಅಳತೆ ಪುಡಿಯ ಸತ್ತ್ವವನ್ನು ಹಾಲಿನಿಂದಲೇ ಪಡೆಯಲು ಮುಕ್ಕಾಲು ಲೀಟರ್ ಕುಡಿಯಬೇಕು; ಆದುದರಿಂದ ಪುಡಿಯಲ್ಲಿ ಸೌಕರ್ಯವಿದೆ, ಆದರೆ ಹಾಲು, ಕಾಳು, ಮೊಟ್ಟೆಗಳಲ್ಲಿಲ್ಲದ ಯಾವ ದಿವ್ಯಶಕ್ತಿಯೂ ಇಲ್ಲ.

ತರುಣ: ಡಬ್ಬಿಯ ಮೇಲೆ ಬರೆದಷ್ಟು ಒಳಗಿರುವುದಾದರೂ ನಿಶ್ಚಯವೆ?

ಹಿರಿಯ: ಅಲ್ಲಿಯೇ ತೊಡಕು. ಆಹಾರದಲ್ಲಿ ಸಸಾರಜನಕವೆಷ್ಟಿದೆಯೆಂದು ತಿಳಿಯಲು 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಎಂಬವನು ಕಂಡುಹಿಡಿದ ಕ್ರಮವನ್ನು ಇಂದಿಗೂ ಉಪಯೋಗಿಸುತ್ತಾರೆ: ಸಾರಜನಕವನ್ನು ಅಳೆದು 6.25ರಿಂದ ಗುಣಿಸುವುದು. ಆ ಸಾರಜನಕ ಎಲ್ಲಿಂದ ಬಂತೆಂದು ಈ ಪರೀಕ್ಷೆಗೆ ತಿಳಿಯದು. 2008ರಲ್ಲಿ ಚೀನಾದೇಶದ ವಂಚಕರು ನೀರು ಬೆರೆಸಿದ ಹಾಲಿಗೆ ಮೆಲಮೈನ್ ಎಂಬ ಸಾರಜನಕಯುಕ್ತ ರಾಸಾಯನಿಕವನ್ನು ಸೇರಿಸಿ ಪರೀಕ್ಷೆಯ ಕಣ್ಣಿಗೆ ಮಣ್ಣೆರಚಿದ್ದರಿಂದ ಲಕ್ಷಾಂತರ ಶಿಶುಗಳು ರೋಗಪೀಡಿತವಾದುವು. ಅಗ್ಗದ ಅಮೈನೋ ಆಮ್ಲಗಳನ್ನು ಬೆರೆಸಿ ಪುಡಿಯ ಅಂಕಿಯನ್ನು ಉಬ್ಬಿಸುವುದಕ್ಕೂ ಇದೇ ದಾರಿ. ಕೇರಳದ ಯಕೃತ್ ವೈದ್ಯರೊಬ್ಬರೂ ಅವರ ಸಹಕಾರಿಗಳೂ ಭಾರತದ ಮಾರುಕಟ್ಟೆಯ 36 ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಅವುಗಳಲ್ಲಿ ಶೇಕಡ 70ರಷ್ಟು ಡಬ್ಬಿಗಳ ಮೇಲಣ ಸಸಾರಜನಕದ ವಿವರ ಸರಿಯಾಗಿರಲಿಲ್ಲ. ಶೇಕಡ 14ರಷ್ಟರಲ್ಲಿ ನಾನು ಈಗ ಹೇಳಿದ ಅಫ್ಲಟಾಕ್ಸಿನ್ ಇತ್ತು. ಮುಗ್ಗಿದ ಕಡಲೆಕಾಯಿಯನ್ನು ಕಣ್ಣಿಂದ ನೋಡಿ ಆರಿಸಿ ಬಿಸಾಡಬಹುದು. ಪುಡಿಯಾದ ಮೇಲೆ ಆರಿಸುವುದು ಹೇಗೆ?

ತರುಣ: ಹಾಗಾದರೆ ಪುಡಿಯೆಂಬುದು ಸರ್ವಥಾ ತ್ಯಾಜ್ಯವೆ?

ಹಿರಿಯ: ಸರ್ವಥಾ ಎಂದು ಹೇಳಲಾರೆ, ಹಾಗೆ ಹೇಳಿದರೆ ನಮ್ಮ ಊರಿನ ಚರಿತ್ರೆಗೇ ದ್ರೋಹವಾದೀತು. 1950ರಲ್ಲಿ ಇಲ್ಲಿಯ ಚೆಲುವಾಂಬ ಅರಮನೆಯಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯವರು ಕೆಲವೇ ವರ್ಷಗಳಲ್ಲಿ ರೂಪಿಸಿದ ಬಹೂಪಯೋಗಿ ಆಹಾರವೂ ಒಂದು ಪುಡಿಯೇ: ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು, ಮೇಲೆ ಜೀವಸತ್ವಗಳು ಮತ್ತು ಕ್ಯಾಲ್ಸಿಯಂ. ಹಾಲು ಕಾಣದ ಮಕ್ಕಳ ಕೃಶ ಶರೀರಗಳಿಗೆ ನಮ್ಮ ಹೊಲದ ಬೆಳೆಯಿಂದಲೇ ಸಸಾರಜನಕವನ್ನು ಅಗ್ಗವಾಗಿ ಒದಗಿಸಬೇಕೆಂಬ ಕಾಳಜಿಯಿಂದ ಹುಟ್ಟಿದ ವಸ್ತು ಅದು. ಉಣ್ಣಲಾರದ ರೋಗಿಗೆ, ಶಸ್ತ್ರಚಿಕಿತ್ಸೆಯಿಂದ ಚೇತರಿಸಿಕೊಳ್ಳುತ್ತಿರುವವನಿಗೆ, ಹಲ್ಲು ಹೋಗಿ ಹಸಿವು ಕುಗ್ಗಿದ ವೃದ್ಧನಿಗೆ, ದಿನಕ್ಕೆ ಎರಡು ಹೊತ್ತು ಅಭ್ಯಾಸ ಮಾಡುತ್ತ ದೇಶದೇಶಗಳನ್ನು ಸುತ್ತುವ ಸ್ಪರ್ಧಾಳುವಿಗೆ, ವೈದ್ಯನ ಅಥವಾ ಆಹಾರತಜ್ಞನ ಸಲಹೆಯ ಮೇರೆಗೆ ಪುಡಿಯು ಸಹಾಯಕವಾಗಬಹುದು. ಮೂತ್ರಪಿಂಡದ ದೋಷವಿರುವವನು ಮಾತ್ರ ಪುಡಿಯಾಗಲಿ ಕಾಳಾಗಲಿ ವೈದ್ಯನನ್ನು ಕೇಳದೆ ಸಸಾರಜನಕವನ್ನು ಹೆಚ್ಚಿಸಕೂಡದು. ಹಸಿವೂ ಆರೋಗ್ಯವೂ ಇರುವ, ಎರಡು ಹೊತ್ತಿನ ಊಟಕ್ಕೆ ಕೊರತೆಯಿಲ್ಲದ ನಿನ್ನಂಥವನಿಗೆ ಅದರ ಅಗತ್ಯ ನನಗೆ ಕಾಣುವುದಿಲ್ಲ.

ತರುಣ: ನಾಳೆಯಿಂದ ಹುರಿಗಡಲೆಯ ಪೊಟ್ಟಣವನ್ನೇ ಚೀಲದಲ್ಲಿಟ್ಟುಕೊಂಡು ಹೋಗುತ್ತೇನೆ. ಉಳಿದ ಹಣವನ್ನು ಕೂಡಿಡುತ್ತೇನೆ.

ಹಿರಿಯ: ಪೂರ್ತಿಯಾಗಿ ಕೂಡಿಡಬೇಡ; ಅದರಲ್ಲಿ ಒಂದು ಭಾಗವನ್ನು ಮನೆಯ ದಿನಸಿಗೆ ಕೊಡು. ಡಬ್ಬಿಯ ಪುಡಿ ಮನೆಯಲ್ಲಿ ಒಬ್ಬನ ತೋಳನ್ನು ಮಾತ್ರ ಉದ್ದೇಶಿಸಿದ್ದು. ಅದೇ ಹಣದಿಂದ ತಿಂಗಳಿಗೆ ನಾಲ್ಕೈದು ಸೇರು ಕಾಳು, ನಿತ್ಯ ಅರ್ಧ ಲೀಟರ್ ಹಾಲು ಹೆಚ್ಚಾಗಿ ಮನೆಗೆ ಬಂದರೆ, ಪಾತ್ರೆಯಲ್ಲಿ ಬೆಂದದ್ದು ಎಲ್ಲರ ತಟ್ಟೆಗೂ ಬರುತ್ತದೆ. ವಯಸ್ಸಾದಂತೆ ಸ್ನಾಯು ಕರಗುವುದರಿಂದ ನಿನ್ನ ಅಜ್ಜನಿಗೂ ಸಾಕಷ್ಟು ಸಸಾರಜನಕ ಬೇಕು, ಗಂಜಿಯಿಂದ ಅದು ದೊರೆಯದು. ಬೆಳೆಯುತ್ತಿರುವ ತಂಗಿಗೆ ಬೇಕು. ಎಲ್ಲರಿಗೂ ಬಡಿಸಿ, ಬೇಳೆ ತಳದಲ್ಲಿ ಖರ್ಚಾದ ಮೇಲೆ ತಿಳಿಸಾರನ್ನು ಕಲಸಿಕೊಂಡು ಕಡೆಯಲ್ಲಿ ಉಣ್ಣುವ ನಿನ್ನ ತಾಯಿಗೆ ಎಲ್ಲರಿಗಿಂತ ಮೊದಲು ಬೇಕು. ನೀನು ವ್ಯಾಯಾಮಶಾಲೆಯಲ್ಲಿ ಒಂದು ಗಂಟೆ ಎತ್ತುವ ಭಾರವನ್ನು ಆಕೆ ನೀರಿನ ಕೊಡದಲ್ಲಿಯೂ ಒದ್ದೆ ಬಟ್ಟೆಯಲ್ಲಿಯೂ ದಿನವಿಡೀ ಎತ್ತುತ್ತಾಳೆ, ಅದರ ಅನಂತರ ಏನು ತಿನ್ನಬೇಕೆಂದು ಆಕೆಯನ್ನು ಯಾರೂ ಕೇಳುವುದಿಲ್ಲ. ನಮ್ಮ ರಾಜ್ಯದಲ್ಲಿ 2013ರಿಂದ ಶಾಲೆಯ ಮಕ್ಕಳಿಗೆ ಹಾಲು ಕೊಡುತ್ತ ಬಂದಿರುವುದೂ, ಆಮೇಲೆ ಮೊಟ್ಟೆಯನ್ನು ಸೇರಿಸಿದುದೂ ಈ ತತ್ತ್ವದಿಂದಲೇ: ಬಲವು ಕೊಳ್ಳಬಲ್ಲವನ ಸ್ವತ್ತಾಗದೆ, ಒಂದೇ ಪಂಕ್ತಿಯಲ್ಲಿ ಕುಳಿತ ಎಲ್ಲರಿಗೂ ಬಡಿಸಲ್ಪಡಬೇಕು. ಆದುದರಿಂದ ನೀನು ಮೊದಲು ಮಾಡತಕ್ಕದ್ದು ಇಷ್ಟು: ಈ ದಿನ ಸಾಯಂಕಾಲ ಹುರುಳಿಯನ್ನೋ ಅಲಸಂದೆಯನ್ನೋ ನಿನ್ನೊಬ್ಬನ ಅಳತೆಗಲ್ಲದೆ, ಮನೆಮಂದಿಯ ಅಳತೆಗೆ ನೆನೆಹಾಕು; ನಾಳೆ ಬಡಿಸುವ ಸೌಟನ್ನು ನೀನೇ ಹಿಡಿ; ತಾಯಿಯ ತಟ್ಟೆಗೆ ಕಾಳು ಬಿದ್ದ ಮೇಲೆ ನಿನ್ನದಕ್ಕೆ ಬಡಿಸಿಕೊ.